ಮೋಟ್ರಣ್ಣನ ಮಾರ್ಕೆಟಿಂಗು

ಮೋಟ್ರಣ್ಣನ ನಿಜವಾದ ಹೆಸರು ಚಿತ್ರದುರ್ಗದ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ನಂಬರು ಮಾತ್ರ ಎಲ್ಲರಿಗೂ ಬಾಯಿಪಾಠ. ಹೊಸದುರ್ಗದ ದಾರಿಯ ಮೋರಿಗಳ ಮೇಲೆ, ಹೊಳಲ್ಕೆರೆಯ ಕರೆಂಟ್ ಕಂಬಗಳ ಮೇಲೆ, ಹಿರಿಯೂರಿನ ಗೊಬ್ಬರದಂಗಡಿ ಗೋಡೆಯ ಮೇಲೆ, 'ಮೋಟರ್ ರಿವೈಂಡಿಂಗ್' ಎಂದು ಬರೆಸಿ ಕೆಳಗೆ ಹತ್ತು ಅಂಕಿ ಇಳಿಸಿದ್ದಾನೆ. ಪುರಾತತ್ವ ಇಲಾಖೆಯ ಭಯ ಒಂದಿಲ್ಲದಿದ್ದರೆ ಏಳು ಸುತ್ತಿನ ಕೋಟೆಯ ಒಂದೊಂದು ಸುತ್ತಿಗೂ ಒಂದೊಂದು ಸಲ ಬರೆಸುತ್ತಿದ್ದ.

ಆದರೆ ಅವನ ಬ್ರಹ್ಮಾಸ್ತ್ರ ಗೋಡೆಯಲ್ಲಿಲ್ಲ, ಸ್ಟಾರ್ಟರ್ ಪೆಟ್ಟಿಗೆಯೊಳಗಿದೆ. ರಿಪೇರಿ ಮುಗಿದ ಕೂಡಲೇ ಮುಚ್ಚಳದ ಒಳಬದಿಯನ್ನು ಪಂಚೆ ತುದಿಯಿಂದ ಒರೆಸಿ ಸ್ಟಿಕ್ಕರ್ ಅಂಟಿಸುತ್ತಾನೆ. ಮೊದಲೇ ಬೇರೆಯವನ ಸ್ಟಿಕ್ಕರ್ ಇದ್ದರೆ ಕೀಳುವುದಿಲ್ಲ, ಅದು ಧರ್ಮವಲ್ಲ. ಅದರ ಮೇಲೇ ಅಂಟಿಸುತ್ತಾನೆ. ಪೆಟ್ಟಿಗೆಯೊಳಗೆ ಹಲ್ಲಿ ಹೊಕ್ಕು ಶಾರ್ಟ್ ಆಗಿ ಎಲ್ಲ ಕರಕಲಾದರೂ ಆ ಸ್ಟಿಕ್ಕರ್ ಮಾತ್ರ ಹಾಗೇ ನಗುತ್ತಿರುತ್ತದೆ.

ಅಂಗಡಿಯ ಹುಡುಗ ಒಮ್ಮೆ, "ಅಣ್ಣಾ, ಇನ್‌ಸ್ಟಾಗ್ರಾಮಲ್ಲಿ ರೀಲ್ಸ್ ಬಿಡಾನ" ಅಂದ. ಮೋಟ್ರಣ್ಣ ತಾಮ್ರದ ತಂತಿ ಸುತ್ತುತ್ತಲೇ ಹೇಳಿದ: "ನಡುರಾತ್ರಿ ತ್ರೀಫೇಸ್ ಕೊಡ್ತಾರೆ, ಓಲ್ಟೇಜ್ ಬಿದ್ದು ಕಾಯಿಲ್ ಸುಡ್ತೈತೆ. ಆಗ ರೈತ ಟಾರ್ಚ್ ಹಿಡ್ಕಂಡು ರೀಲ್ಸ್ ನೋಡ್ತಾನೇನೋ? ಪೆಟ್ಟಿಗೆ ನೋಡ್ತಾನೆ."

ಫೋನು ಒಂದೇ ರಿಂಗಿಗೆ ಎತ್ತುತ್ತಾನೆ. "ಬಂದೆ ಗೌಡ್ರೆ, ಚಿಕ್ಕಜಾಜೂರು ಗೇಟಲ್ಲಿದೀನಿ" ಎನ್ನುವಾಗ ಇನ್ನೂ ಅಂಗಡಿಯಲ್ಲೇ ಟೀ ಕುಡಿಯುತ್ತಿರುತ್ತಾನೆ. ಆದರೆ ಮೋಟ್ರು ಇಳಿಸಿ ಬಂದ ಮೂರನೇ ದಿನ ತಾನೇ ಫೋನ್ ಮಾಡಿ, "ನೀರು ಹೆಂಗೆ ಬತ್ತೈತೆ?" ಎಂದು ವಿಚಾರಿಸುತ್ತಾನೆ. ಬಾಕಿ ದುಡ್ಡಿನ ಸುದ್ದಿ ಎತ್ತುವುದಿಲ್ಲ. ಹೊಳಲ್ಕೆರೆಯವರು ಅಡಿಕೆ ಮಾರಿದಾಗ, ಹೊಸದುರ್ಗದವರು ಕೊಬ್ಬರಿ ಮಾರಿದಾಗ, ಹಿರಿಯೂರಿನವರು ದಾಳಿಂಬೆ ಲೋಡ್ ಮಾಡಿಸಿದಾಗ, ಹೇಗೋ ಸುದ್ದಿ ತಿಳಿದು, "ಈ ಕಡೆ ಬಂದಿದ್ದೆ" ಎಂದು ಬಾಗಿಲಲ್ಲಿ ನಿಂತಿರುತ್ತಾನೆ.

1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಯ ಆ ಅಣೆಕಟ್ಟಿಗೆ ಹೊರಟಿತು. ಮೋಟ್ರಣ್ಣನೂ ಕೈಮುಗಿದ ಫೋಟೋದ ಫ್ಲೆಕ್ಸ್ ಕಟ್ಟಿಸಿದ. 'ಗಂಗಾಮಾತೆಗೆ ಸ್ವಾಗತ' ಎನ್ನುವುದಕ್ಕಿಂತ ನಂಬರೇ ದಪ್ಪ. ಯಾರೋ ಕಾಲೆಳೆದರು: "ಬೋರಲ್ಲಿ ನೀರು ಮೇಲೆ ಬಂದ್ರೆ ಮೋಟ್ರು ಸುಡೋದು ಕಮ್ಮಿ ಆಗ್ತೈತೆ. ನಿನ್ ಹೊಟ್ಟೆ ಮೇಲೆ ನೀನೇ ಫ್ಲೆಕ್ಸ್ ಕಟ್ಟಿದ್ಯಲ್ಲೋ!"

"ನೀರು ಬಂತು ಅಂದ್ರೆ ರಾಗಿ ಹೊಲಕ್ಕೆಲ್ಲ ಅಡಿಕೆ ಸಸಿ ಇಡ್ತಾರಣ್ಣಾ" ಅಂದ ಮೋಟ್ರಣ್ಣ. "ಸಸಿ ಮರ ಆಗೋ ಹೊತ್ತಿಗೆ ಮಳೆ ಕೈ ಕೊಡ್ತೈತೆ. ಆಮೇಲೆ ಒಬ್ಬೊಬ್ಬರಿಗೂ ಎರಡೆರಡು ಬೋರು, ಎರಡೆರಡು ಮೋಟ್ರು. ಫ್ಲೆಕ್ಸ್ ಕಟ್ಟಿರೋದು ಈ ವರ್ಷಕ್ಕಲ್ಲ."