ಪಕ್ಕದ ಮನೆಯವನ ರಿಮೋಟು

ನಮ್ಮತ್ತೆ ಹಾಸನದಿಂದ ನ್ಯೂಜೆರ್ಸಿಗೆ ಬಂದ ನಾಲ್ಕನೇ ದಿನ ಟೀವಿಯಲ್ಲಿ ದೆವ್ವ ನೋಡಿದರು.

2007ರ ಮಾತು. ಯಾವುದೋ ಇಂಗ್ಲಿಷ್ ಸಿನಿಮಾ ನಡೆಯುತ್ತಿತ್ತು. ನಾಯಕ ಬಾಗಿಲಿನ ಹಿಡಿಗೆ ಕೈ ಹಾಕಿದವನು ಅಹಲ್ಯೆಯಂತೆ ಕಲ್ಲಾಗಿ ನಿಂತ. ರಿಮೋಟು ಟೀಪಾಯಿಯ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ. ಐದು ನಿಮಿಷಕ್ಕೆ ಶಾಪವಿಮೋಚನೆಯಾಗಿ ಬಾಗಿಲು ತೆರೆದು ಒಳಗೆ ಹೋದ. ಹೋದವನೇ ಬೆನ್ನು ಮುಂದು ಮಾಡಿಕೊಂಡು ದಡದಡ ಹೊರಗೆ ಬಂದ, ಬಾಗಿಲು ಹಾಕಿದ, ಮತ್ತೆ ತೆರೆದ. ಅತ್ತೆ ಕುಂಕುಮದ ಭರಣಿ ಹುಡುಕಲು ಎದ್ದರು.

ನಾನು ಸಾಫ್ಟ್‌ವೇರಿನವನು, ದೆವ್ವವನ್ನು ನಂಬುವುದಿಲ್ಲ, ಬಗ್ಗನ್ನು ನಂಬುತ್ತೇನೆ. ಎರಡು ರಾತ್ರಿ ಕೂತು ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಸಿನಿಮಾ ನಮ್ಮದಲ್ಲ. ನಮ್ಮ ಬೀದಿಯಲ್ಲಿ ಯಾರೋ ಪುಣ್ಯಾತ್ಮ ಕೇಬಲ್ ಕಂಪನಿಗೆ ದುಡ್ಡು ಕಟ್ಟಿ, ಬೇಕಾದಾಗ ನೋಡುವ ಸಿನಿಮಾ ತರಿಸಿಕೊಂಡಿದ್ದಾನೆ. ಅವನಿಗೆಂದು ಹೊರಟ ಸಿನಿಮಾ ಅವನೊಬ್ಬನ ಮನೆಗೆ ಹೋಗುವುದಿಲ್ಲ, ಇಡೀ ಬಡಾವಣೆಯ ತಂತಿಯಲ್ಲಿ ಹರಿಯುತ್ತದೆ. ಯಾವ ತರಂಗಾಂತರದಲ್ಲಿ ಹರಿಯುತ್ತಿದೆ ಎಂಬ ಗುಟ್ಟನ್ನು ಕಂಪನಿ ಅವನ ಸೆಟ್‌ಟಾಪ್ ಡಬ್ಬಿಗೆ ಮಾತ್ರ ಹೇಳಿರುತ್ತದೆ. ನನ್ನ ಮನೆಯಲ್ಲಿ ಡಬ್ಬಿಯೇ ಇಲ್ಲ, ಇದ್ದದ್ದು ಕಂಪ್ಯೂಟರಿಗೆ ಸಿಕ್ಕಿಸಿದ ಟ್ಯೂನರು. ಅದಕ್ಕೆ ಗುಟ್ಟು ಹೇಳುವವರು ಯಾರೂ ಇಲ್ಲವಾದ್ದರಿಂದ ಅದು ಎಲ್ಲ ತರಂಗಾಂತರದ ಬಾಗಿಲನ್ನೂ ತಟ್ಟಿತು. ಈ ಸಿನಿಮಾದ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಂದಿನ ದಿನಗಳಲ್ಲಿ ಅಮೆರಿಕದ ಹಲವು ಊರುಗಳಲ್ಲಿ ಹೀಗೆ ಆಗುತ್ತಿತ್ತು.

ಕದ್ದು ನೋಡುವುದು ಬೇರೆ, ಕಾಣಿಸಿದ್ದನ್ನು ನೋಡುವುದು ಬೇರೆ ಎಂದು ನಾನು ಧರ್ಮಸೂಕ್ಷ್ಮ ವಿವರಿಸುವ ಹೊತ್ತಿಗೆ ಅತ್ತೆ ಸಿನಿಮಾ ಬಿಟ್ಟು ನೋಡುವವನನ್ನೇ ನೋಡತೊಡಗಿದ್ದರು.

"ಅರ್ಧ ಗಂಟೆಗೊಂದ್ಸಲ ಎದ್ದು ಹೋಗ್ತಾನೆ ಕಣ್ರೀ, ಸಕ್ಕರೆ ಕಾಯಿಲೆ ಇರಬೇಕು. ಯಾರಿಂದಲಾದ್ರೂ ಹೇಳ್ಸಿ, ಟೆಸ್ಟ್ ಮಾಡಿಸ್ಕೊಳ್ಳಲಿ."

ವಾರದಲ್ಲಿ ಅವನ ಜಾತಕ ಸಿದ್ಧವಾಯಿತು. ಸಂಜೆ ಏಳಕ್ಕೆ ಮನೆಗೆ ಬರುತ್ತಾನೆ. ಕಿವಿ ಮಂದ, ಮಾತು ಬಂದಾಗಲೆಲ್ಲ ಹಿಂದಕ್ಕೆ ಓಡಿಸುತ್ತಾನೆ. ಪ್ರೇಮದ ದೃಶ್ಯ ಬಂದರೆ ಮುಂದಕ್ಕೆ ಓಡಿಸುತ್ತಾನೆ, ಹಾಗಾಗಿ ಮನೆಯಲ್ಲಿ ಮಕ್ಕಳೋ ಹಿರಿಯರೋ ಇದ್ದಾರೆ. ಅತ್ತೆಗೆ ಒಂಬತ್ತಕ್ಕೆ ನಿದ್ದೆ. "ಮಿಕ್ಕಿದ್ದು ಹಿಡಿದಿಡಿ, ನಾಳೆ ನೋಡ್ತೀನಿ" ಎಂದು ಮಲಗಲು ಹೋಗುತ್ತಿದ್ದರು. ನಾನು ಹಿಡಿದಿಡುತ್ತಿದ್ದೆ. ನಾನು ಕಂಪ್ಯೂಟರ್ ತಂದದ್ದೇ ಹಿಡಿದಿಡುವುದಕ್ಕೆ.

ಡಬ್ಬಿಯಿಲ್ಲದೆ ಟೀವಿ ನೋಡುವ ನನ್ನ ಹಟದ ಹಿಂದೆ ಅಮೆರಿಕದ ಕಾನೂನೇ ನಿಂತಿತ್ತು. 1992ರ ಕೇಬಲ್ ಕಾಯ್ದೆಯ ಬೆನ್ನಿಗೆ 1994ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಒಂದು ನಿಯಮ ಮಾಡಿತು: ಮೂಲ ಕಂತೆಯ ಚಾನೆಲ್‌ಗಳಿಗೆ ಕೇಬಲಿನವರು ಗೂಢಲಿಪಿಯ ಬೀಗ ಹಾಕುವಂತಿಲ್ಲ, ಗೋಡೆಯ ತಂತಿಯನ್ನು ನೇರ ಟೀವಿಗೆ ಚುಚ್ಚಿದರೆ ಚಿತ್ರ ಬರಬೇಕು. ಡಿಜಿಟಲ್ ಬಂದ ಮೇಲೆ ಈ ಬೀಗವಿಲ್ಲದ ಸಿಗ್ನಲ್ಲಿಗೆ ಬಲ್ಲವರು 'ಕ್ಲಿಯರ್ ಕ್ವಾಮ್' ಎಂದರು. ಒಂದು ಹಳೇ ಚಾನೆಲ್ಲಿನ ಜಾಗದಲ್ಲಿ, ಅಂದರೆ 6 ಮೆಗಾಹರ್ಟ್ಸ್ ಅಗಲದಲ್ಲಿ, ಸೆಕೆಂಡಿಗೆ 38 ಮೆಗಾಬಿಟ್‌ಗೂ ಮಿಕ್ಕಿ ತುರುಕುವ ವಿದ್ಯೆ ಅದು. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನಲ್ಲಿ ಜಾತ್ರೆಗೆ ಹೋದವರಿಗೆ ಬೇರೆ ವಿವರಣೆ ಬೇಡ.

ಹೀಗೆ ಬೀಗವಿಲ್ಲದೆ ಬರುತ್ತಿದ್ದ ಸಂಪತ್ತು ಯಾವುದು? ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಗಾಳಿಯಲ್ಲಿ ಪುಕ್ಕಟೆ ತೂರಿಬಿಡುತ್ತಿದ್ದ ಅವೇ ಎನ್‌ಬಿಸಿ, ಸಿಬಿಎಸ್, ಎಬಿಸಿಗಳು. ಕಡ್ಡಿ ಆಂಟೆನಾ ಇಟ್ಟರೂ ಸಿಗುತ್ತಿತ್ತು. ನಮ್ಮ ಮನೆಯ ಕಿಟಕಿಗಳಿಗೆ ಮಾತ್ರ ಪಾರ್ಕಿಂಗ್ ಜಾಗವೊಂದು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ಆಕಾಶದಲ್ಲಿ ಪುಕ್ಕಟೆ ಹಾರುವುದನ್ನು ತಂತಿಯಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೆ. ಜೊತೆಗೆ ಪುರಸಭೆಯ ಸಭೆಯ ನೇರ ಪ್ರಸಾರ, ಹರಳಿನುಂಗುರ ಮಾರುವ ಚಾನೆಲ್ಲು, ಬೆಳಗಿನಿಂದ ರಾತ್ರಿವರೆಗೆ ಒಬ್ಬ ಪಾದ್ರಿ. ಪುರಸಭೆ ಅತ್ತೆಗೆ ರುಚಿಸಲಿಲ್ಲ. ಒಳಚರಂಡಿಯ ವಿಷಯಕ್ಕೆ ಮೂರು ಗಂಟೆ ಮಾತಾಡಿದರೂ ಯಾರೂ ಮೈಕು ಕೀಳಲಿಲ್ಲ, ಕುರ್ಚಿ ಎಸೆಯಲಿಲ್ಲ, ಇದೆಂಥ ಪ್ರಜಾಪ್ರಭುತ್ವ ಎಂದರು.

ಕಂಪ್ಯೂಟರಿಗೆ ಹಾಕಿದ ತಂತ್ರಾಂಶ ಮಿಥ್‌ಟೀವಿ. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬಾತ ತನ್ನ ಕೇಬಲ್ ಡಬ್ಬಿಯ ಮಂದಗತಿಗೂ ಅದರ ತುಂಬ ಇದ್ದ ಜಾಹೀರಾತಿಗೂ ರೋಸಿ, ಇದಕ್ಕಿಂತ ಚೆನ್ನಾಗಿರುವುದನ್ನು ನಾನೇ ಮಾಡುತ್ತೇನೆಂದು ಕೂತು ಬರೆದು ಲೋಕಕ್ಕೆ ಪುಕ್ಕಟೆ ಕೊಟ್ಟದ್ದು. ಹೆಸರು ಕೇಳಿದ ಅತ್ತೆ, "ಮಿಥ್ಯಾ ಟೀವಿ! ಶಂಕರಾಚಾರ್ಯರ ಕಡೆಯವರಾ?" ಎಂದರು.

ಮಿಥ್ಯೆಯನ್ನು ನಿಜ ಮಾಡಲು ನನಗೆ ಮೂರು ತಿಂಗಳು ಹಿಡಿಯಿತು. ಟ್ಯೂನರು ತಂತಿಯನ್ನು ಜಾಲಾಡಿ ನಾನೂರು ಚಾನೆಲ್ ಹುಡುಕಿ ಕೊಟ್ಟಿತು. ಒಂದಕ್ಕೂ ಹೆಸರಿಲ್ಲ. 84.3, 91.11, 112.5 ಎಂದು ಕೈದಿಗಳಂತೆ ನಂಬರು. ಮುನ್ನೂರೈವತ್ತು ಬೀಗ ಹಾಕಿದ ಕಪ್ಪು ಪರದೆ. ಉಳಿದದ್ದನ್ನು ಒಂದೊಂದಾಗಿ ನೋಡಿ, ಮೂಲೆಯ ಲಾಂಛನ ಗುರುತಿಸಿ, ಇದು ಸಿಬಿಎಸ್, ಇದು ಪಾದ್ರಿ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ನಾಮಕರಣ ಮಾಡಬೇಕು. ಹೀಗೆ ಐವತ್ತು ಮಕ್ಕಳಿಗೆ ತೊಟ್ಟಿಲು ತೂಗಿ ಮುಗಿಸಿದ ಮರುವಾರ ಕಂಪನಿಯವರು ಯಾರಿಗೂ ಹೇಳದೆ ಚಾನೆಲ್‌ಗಳನ್ನು ಅದಲುಬದಲು ಮಾಡುತ್ತಿದ್ದರು. ಡಬ್ಬಿ ಇರುವವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ನನ್ನ ಹೆಂಡತಿ ಸಂಜೆ ಏಳಕ್ಕೆ ಜೆಪರ್ಡಿ ಎಂಬ ಕ್ವಿಜ್ ನೋಡಲು ಕೂತರೆ ಪಾದ್ರಿ ಬರುತ್ತಿದ್ದ.

"ರೀ, ಮೂರು ತಿಂಗಳಿಂದ ನೀವು ಟೀವಿ ರಿಪೇರಿ ಮಾಡ್ತಿದೀರ. ಟೀವಿ ಕೆಟ್ಟಿತ್ತಾ?"

ಈ ಹವ್ಯಾಸದವರಲ್ಲಿ 'ವೈಫ್ ಆಕ್ಸೆಪ್ಟೆನ್ಸ್ ಫ್ಯಾಕ್ಟರ್' ಎಂಬ ಅಳತೆಗೋಲೇ ಇದೆ, ಹೆಂಡತಿ ಒಪ್ಪುವ ಪ್ರಮಾಣ. ಗಂಡ ಮನೆಗೆ ತಂದ ಯಂತ್ರ ಕೆಲಸ ಮಾಡದಿದ್ದರೆ ಯಂತ್ರಕ್ಕೆ ದೋಷವಿಲ್ಲ, ಗಂಡನಿಗೂ ಇಲ್ಲ, ಹೆಂಡತಿಯ ಒಪ್ಪಿಗೆ ಕಡಿಮೆ ಬಿತ್ತು ಎಂದು ತೋರಿಸುವ ಗಣಿತ. ಕಂಡುಹಿಡಿದವರು ಗಂಡಸರೇ ಎಂದು ಬೇರೆ ಹೇಳಬೇಕಿಲ್ಲ.

ಇಷ್ಟಾಗಿ ರೆಕಾರ್ಡಿಂಗ್ ಶುರುವಾಯಿತು. ಎಚ್‌ಡಿ ಪ್ರಸಾರವನ್ನು ಬಂದ ಹಾಗೇ ಇಳಿಸಿಕೊಂಡರೆ ಗಂಟೆಗೆ ಎಂಟೂವರೆ ಗಿಗಾಬೈಟಿಗೆ ಮೋಸವಿಲ್ಲ. ಡಿಸ್ಕು ತುಂಬಿತು, ಇನ್ನೊಂದು ತಂದೆ. ಅದೂ ತುಂಬಿತು. ಏನು ಹಿಡಿದೆ ಎಂದು ಕೇಳಿ: ಎಲ್ಲ. ಎಷ್ಟು ನೋಡಿದೆ ಎಂದು ಕೇಳಬೇಡಿ. ಉಪ್ಪಿನಕಾಯಿ ಹಾಕುವವರು ಭರಣಿಗಳ ಸಾಲು ನೋಡಿ ತೃಪ್ತರಾಗುವ ಹಾಗೆ ನಾನು ರಾತ್ರಿ ಕಡತಗಳ ಪಟ್ಟಿ ನೋಡಿ ಮಲಗುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಭಾನುವಾರದ '60 ಮಿನಿಟ್ಸ್' ಸುದ್ದಿ ಕಾರ್ಯಕ್ರಮ ತೆರೆದೆ. ಅದರ ಮುಂಚಿನ ಫುಟ್‌ಬಾಲ್ ಪಂದ್ಯ ಹೊತ್ತು ಮೀರಿ ಬೆಳೆದಿತ್ತು. ಕಂಪ್ಯೂಟರು ಗಡಿಯಾರ ನಂಬುತ್ತದೆ, ಫುಟ್‌ಬಾಲ್ ನಂಬುವುದಿಲ್ಲ. ಮೊದಲ ನಲವತ್ತು ನಿಮಿಷ ದಾಂಡಿಗರು ಒಬ್ಬರ ಮೇಲೊಬ್ಬರು ಬಿದ್ದರು, ಕೊನೆಯ ಇಪ್ಪತ್ತು ನಿಮಿಷದಲ್ಲಿ ವರದಿಗಾರ ಒಬ್ಬ ಭ್ರಷ್ಟನ ಮನೆ ಬಾಗಿಲು ತಟ್ಟಿದ, ಬಾಗಿಲು ತೆರೆಯುವ ಮೊದಲೇ ಕಡತ ಮುಗಿಯಿತು.

ಇಂಥ ಕಸುಬಿನಿಂದ ಜಗತ್ತನ್ನು ಕಾಪಾಡಲು ಎಂಥೆಂಥವರು ಹೋರಾಡಿದ್ದಾರೆ ಗೊತ್ತೇ? 1982ರಲ್ಲಿ ಹಾಲಿವುಡ್ಡಿನ ವಕ್ತಾರ ಜ್ಯಾಕ್ ವ್ಯಾಲೆಂಟಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು, ಚಿತ್ರ ನಿರ್ಮಾಪಕರಿಗೆ ವಿಸಿಆರ್ ಎಂದರೆ ಒಂಟಿ ಹೆಂಗಸಿನ ಮನೆಗೆ ಬಾಸ್ಟನ್ನಿನ ಕತ್ತು ಹಿಸುಕುವ ಕೊಲೆಗಾರ ನುಗ್ಗಿದ ಹಾಗೆ ಎಂದರು. 1984ರಲ್ಲಿ ಸುಪ್ರೀಂ ಕೋರ್ಟು ಬೀಟಾಮ್ಯಾಕ್ಸ್ ಎಂಬ ವಿಸಿಆರ್‌ನ ಮೊಕದ್ದಮೆಯಲ್ಲಿ, ಮನೆಯಲ್ಲಿ ರೆಕಾರ್ಡ್ ಮಾಡಿಟ್ಟು ಆಮೇಲೆ ನೋಡುವುದು ತಪ್ಪಲ್ಲ ಎಂದು ಐದಕ್ಕೆ ನಾಲ್ಕು ಮತದಿಂದ ತೀರ್ಪು ಕೊಟ್ಟಿತು. ಕೊಲೆಗಾರ ಒಂದೇ ಮತದಿಂದ ಬಿಡುಗಡೆಯಾದ. ಮುಂದೆ ಅದೇ ಹಾಲಿವುಡ್ಡು ವಿಡಿಯೋ ಕ್ಯಾಸೆಟ್ ಮಾರಿ ಹೊಟ್ಟೆ ತುಂಬಿಸಿಕೊಂಡಿತು.

2003ರಲ್ಲಿ ಎಫ್‌ಸಿಸಿ ಇನ್ನೊಂದು ಉಪಾಯ ತಂದಿತು: ಪ್ರಸಾರದ ಜೊತೆ ಒಂದು ಸಂಕೇತವನ್ನು ಬಾವುಟದಂತೆ ಹಾರಿಸುವುದು, ಬಾವುಟ ಕಂಡ ಯಂತ್ರಗಳು ನಕಲಿಗೆ ಕಡಿವಾಣ ಹಾಕುವುದು. ಇಷ್ಟು ದೂರ ಹೋಗಲು ನಿಮಗೆ ಅಧಿಕಾರವಿಲ್ಲ ಎಂದು 2005ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ಕಿತ್ತು ಹಾಕಿತು. ಅಲ್ಲಿಗೆ ಮುಗಿಯಿತೆಂದುಕೊಂಡರೆ 2008ರ ಮೇನಲ್ಲಿ ಎನ್‌ಬಿಸಿಯ 'ಅಮೆರಿಕನ್ ಗ್ಲಾಡಿಯೇಟರ್ಸ್' ಹಿಡಿಯಲು ಹೋದ ವಿಂಡೋಸ್ ವಿಸ್ಟಾದವರಿಗೆ ಕಂಪ್ಯೂಟರು ಒಲ್ಲೆ ಎಂದಿತು. ಯಾರೋ ಬಾವುಟ ಹಾರಿಸಿದ್ದರು. ನಾವು ಬಾವುಟಕ್ಕೆ ಗೌರವ ಕೊಡುತ್ತೇವೆ ಎಂದಿತು ಮೈಕ್ರೋಸಾಫ್ಟ್. ಕೋರ್ಟು ಬೇಡವೆಂದ ಕಾನೂನನ್ನೂ ಶಿರಸಾವಹಿಸಿ ಪಾಲಿಸುವ ಇಂಥ ವಿನಯವಂತ ಪ್ರಜೆ ಯಾವ ಸರ್ಕಾರಕ್ಕೂ ಸಿಕ್ಕಿರಲಾರ.

ಇವೆಲ್ಲ ಗದ್ದಲದವರ ಜಗಳ. ಕೇಬಲಿನವರು ಗದ್ದಲ ಮಾಡುವವರಲ್ಲ. ಕೊಲೆಗಾರ, ಕಳ್ಳ ಎಂದು ಕೂಗಾಡಿದರೆ ನಾಲ್ಕು ಜನ ಸೇರುತ್ತಾರೆ, ಗಿರಾಕಿಯ ಅನುಕೂಲ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲ ಚಾನೆಲ್ಲಿಗೂ ಬೀಗ ಹಾಕಲು ಬಿಟ್ಟರೆ ಕುಳಿತಲ್ಲಿಂದಲೇ ಸಂಪರ್ಕ ಕೊಡಬಹುದು, ಕಡಿಯಬಹುದು, ಕೆಲಸಗಾರ ಮನೆಗೆ ಬರಬೇಕಿಲ್ಲ, ಅವನಿಗಾಗಿ ಗಿರಾಕಿ ರಜೆ ಹಾಕಿ ಕಾಯಬೇಕಿಲ್ಲ ಎಂದು ವಾದಿಸಿದರು. ಬೆಳಗ್ಗೆ ಎಂಟರಿಂದ ಹನ್ನೆರಡರೊಳಗೆ ಬರುತ್ತೇವೆಂದು ಸಂಜೆ ಐದಕ್ಕೆ ಬರುವವರು ಕಾಯುವವರ ಕಷ್ಟಕ್ಕೆ ಕಣ್ಣೀರು ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. 2012ರ ಅಕ್ಟೋಬರಿನಲ್ಲಿ ಎಫ್‌ಸಿಸಿ ಅಸ್ತು ಎಂದಿತು. ಪೂರ್ತಿ ಡಿಜಿಟಲ್ ಆದ ಕಡೆಯಲ್ಲೆಲ್ಲ ಮೂಲ ಕಂತೆಗೂ ಬೀಗ ಹಾಕಬಹುದು. ಕಳ್ಳತನವೂ ತಪ್ಪುತ್ತದಂತೆ. ಹೊರಗೆ ಮಳೆ ಹುಯ್ಯುತ್ತಿದೆ, ಇವರು ನಲ್ಲಿಗೆ ಬೀಗ ಜಡಿದು ನೀರುಗಳ್ಳರನ್ನು ಹಿಡಿಯುತ್ತಿದ್ದಾರೆ.

ದಯೆಗೇನೂ ಕೊರತೆಯಿರಲಿಲ್ಲ. ಮೂಲ ಕಂತೆಯೊಂದನ್ನೇ ನಂಬಿದವರಿಗೆ ಎರಡು ವರ್ಷ ಡಬ್ಬಿ ಪುಕ್ಕಟೆ, ಸರ್ಕಾರಿ ವೈದ್ಯಕೀಯ ನೆರವಿನಲ್ಲಿರುವ ಬಡವರಿಗೆ ಐದು ವರ್ಷ. ಆಮೇಲೆ ತಿಂಗಳ ಬಾಡಿಗೆ. ಗಿರಾಕಿಗಳು ಡಬ್ಬಿಯನ್ನು ಅಂಗಡಿಯಲ್ಲಿ ಕೊಂಡುಕೊಳ್ಳುವ ಹಾಗಾಗಲಿ ಎಂದು ಇದೇ ದೇಶ 1996ರಲ್ಲೇ ಕಾನೂನು ಮಾಡಿತ್ತು. 2015ರಲ್ಲಿ ಇಬ್ಬರು ಸೆನೆಟರುಗಳು ಲೆಕ್ಕ ಹಾಕಿದಾಗ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಬಾಡಿಗೆ ಡಬ್ಬಿಯವರೇ, ಮನೆಯೊಂದಕ್ಕೆ ವರ್ಷಕ್ಕೆ ಸರಾಸರಿ 231 ಡಾಲರು. ನೂರನೆಯವನು ನನ್ನ ಹಾಗೆ ನೋಟುಬುಕ್ಕು ಹಿಡಿದು ಕೂತಿದ್ದನೆಂದು ತೋರುತ್ತದೆ.

2013ರಲ್ಲಿ ನಮಗೂ ಕಾಗದ ಬಂತು, ಹಿಂದೆಯೇ ಬೂದು ಬಣ್ಣದ ಡಬ್ಬಿ. ಒಂದು ಬೆಳಗ್ಗೆ ಟ್ಯೂನರಿಗೆ ಮತ್ತೆ ಜಾಲಾಡಲು ಹೇಳಿದೆ. ನಾನೂರಕ್ಕೆ ನಾನೂರೂ ಕಪ್ಪು. ಪಾದ್ರಿ ಕೂಡ ಹೋಗಿದ್ದ. ಆ ಸಂಜೆ ಹೆಂಡತಿ ಡಬ್ಬಿಯ ರಿಮೋಟು ಒತ್ತಿದಳು, ಏಳು ಗಂಟೆಗೆ ಸರಿಯಾಗಿ ಜೆಪರ್ಡಿ ಬಂತು. ಅವಳು ಏನೂ ಅನ್ನಲಿಲ್ಲ. ಅದೇ ತಿಂಗಳು ಮೈಸೂರಿನಿಂದ ಭಾಮೈದನ ಫೋನು: "ಭಾವ, ಮಾರ್ಚ್ 31ರ ಒಳಗೆ ಡಬ್ಬಿ ಹಾಕಿಸ್ಕೊಳ್ಲಿಲ್ಲ ಅಂದ್ರೆ ಕೇಬಲ್ ಕಟ್ಟಂತೆ. ಬೆಂಗಳೂರಲ್ಲೂ ಹಂಗೇ. ನಿಮ್ಮ ಅಮೆರಿಕದಲ್ಲಿ ಇಂಥ ದಬ್ಬಾಳಿಕೆ ಇರಲ್ಲ ಬಿಡಿ." ನಾನು ಡಬ್ಬಿಯ ಕಡೆ ನೋಡುತ್ತ ಹ್ಞೂಂ ಎಂದೆ.

ಮೊನ್ನೆ ಭಾನುವಾರ ಹಳೇ ಡಿಸ್ಕು ಎಸೆಯುವ ಮೊದಲು ಒಮ್ಮೆ ತೆರೆದೆ. ಇನ್ನೂರಕ್ಕೂ ಹೆಚ್ಚು ಗಂಟೆಗಳ ಸರಕು. ಹರಳಿನುಂಗುರ, ಒಳಚರಂಡಿ, ದಾಂಡಿಗರು. ಮೂಲೆಯಲ್ಲಿ ಅತ್ತೆಗೆಂದು ಹಿಡಿದಿಟ್ಟ ಆ ಸಿನಿಮಾ ಇತ್ತು. ಅದನ್ನು ಅತ್ತೆಯೂ ಪೂರ್ತಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕೂತೆ. ನಾಯಕ ಬಾಗಿಲು ತೆರೆದ, ಹಿಂದಕ್ಕೆ ಬಂದ, ಮತ್ತೆ ತೆರೆದ. ಒಬ್ಬ ಮುದುಕ ಗೊಣಗಿದ ಮಾತು ನನಗೆ ತಿಳಿಯಲಿಲ್ಲ, ಅಷ್ಟರಲ್ಲಿ ಅದೇ ಮಾತು ಎರಡನೇ ಸಲ ಬಂತು, ತಿಳಿಯಿತು. ಸಮುದ್ರದಂಡೆಯಲ್ಲಿ ನಾಯಕ ನಾಯಕಿಯ ನಿಟ್ಟುಸಿರು ಶುರುವಾಯಿತು. ಇದು ಯಾವಾಗ ಮುಗಿಯುತ್ತದೋ ಎಂದು ನಾನು ರಿಮೋಟಿಗೆ ಕೈ ಹಾಕುವಷ್ಟರಲ್ಲಿ, ಪಕ್ಕದ ಮನೆಯವನು ಆಗಲೇ ಓಡಿಸಿಬಿಟ್ಟಿದ್ದ.