ದೇಶ ಎಣಿಸುವ ಹುಡುಗ

ಇವನನ್ನು ನೀವು ಬಲ್ಲಿರಿ. ನಿಮ್ಮ ಅಕ್ಕನ ಮಗನೋ, ಎದುರುಮನೆಯವರ ಹುಡುಗನೋ, ಹೆಂಡತಿಯ ಕಡೆಯಿಂದ ಹೇಗೋ ಸಂಬಂಧವಾಗಬೇಕಾದವನೋ ಆಗಿರುತ್ತಾನೆ. ಊರು ಸಾಗರವೋ ತೀರ್ಥಹಳ್ಳಿಯೋ. ಈಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಎಂ.ಎಸ್. ಓದಲು. ಭಾನುವಾರ ಕಾಫಿ ಕುಡಿಯುತ್ತ ಫೋನು ತೆರೆದರೆ ಅವನ ಸ್ಟೇಟಸ್ಸಿನಲ್ಲಿ ಒಂದು ಸೇತುವೆ, ಸೇತುವೆಯ ಮೇಲೆ ಕಪ್ಪು ಜರ್ಕಿನ್, ಜರ್ಕಿನ್ನಿನೊಳಗೆ ಅವನು, ಕೆಳಗೆ ಒಂದು ಬಾವುಟ ಮತ್ತು ಒಂದು ಲೆಕ್ಕ: 14/29. ಷೆಂಗೆನ್ ವಲಯದ ಇಪ್ಪತ್ತೊಂಬತ್ತು ದೇಶಗಳಲ್ಲಿ ಹದಿನಾಲ್ಕು ಆಯಿತು ಎಂದು ಅರ್ಥ. ನೋಡಿದೆ, ಹೋಗಿಬಂದೆ ಎನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. ‘ಆಸ್ಟ್ರಿಯಾ ಮುಗೀತು’ ಎನ್ನುತ್ತಾನೆ. ಎಂಜಿನಿಯರಿಂಗ್ ಸಿಲಬಸ್ಸಿನ ಯೂನಿಟ್ಟುಗಳನ್ನೂ ಅವನು ಹೀಗೇ ಮುಗಿಸಿದ್ದು.

ಜರ್ಮನಿಯಲ್ಲಿ ಫೀಸೇ ಇಲ್ಲ ಎಂದು ಅಪ್ಪನನ್ನು ಒಪ್ಪಿಸಿದವನು ಇವನು. ಮಾತು ಸುಳ್ಳಲ್ಲ, ಆದರೆ ಅವನಿಗೆ ಸೀಟು ಸಿಕ್ಕ ರಾಜ್ಯದಲ್ಲಿ ಮಾತ್ರ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಅದಲ್ಲದೆ ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೋ ಅವನ ಕೈಗೆ ಬರುತ್ತದೆ. ಅಪ್ಪ ಅಡಿಕೆ ತೋಟ ತೋರಿಸಿ ತೆಗೆದ ಸಾಲವೇ ಮಗನಿಗೆ ತಿಂಗಳ ಸಂಬಳವಾಗಿ ಬರುವ ಈ ಏರ್ಪಾಡನ್ನು ಜರ್ಮನರಲ್ಲದೆ ಬೇರೆ ಯಾರೂ ಕಂಡುಹಿಡಿಯಲಾರರು.

ಅಲ್ಲಿಗೆ ಹೋದ ಮೊದಲ ತಿಂಗಳು ಎಲ್ಲದಕ್ಕೂ ನೂರರಿಂದ ಗುಣಾಕಾರ. ಕಾಫಿ ಮುನ್ನೂರೈವತ್ತು, ಕ್ಷೌರ ಎರಡೂವರೆ ಸಾವಿರ. ಕೂದಲು ಬೆಳೆಯುತ್ತದೆ. ಎರಡನೇ ತಿಂಗಳಿಗೆ ದೇಶ ಎಣಿಸುವ ಚಟ ಹತ್ತುತ್ತದೆ, ಗುಣಾಕಾರ ನಿಲ್ಲುತ್ತದೆ.

ಹೋಗುವುದು ರಾತ್ರಿ ಬಸ್ಸಿನಲ್ಲಿ, ಹಸಿರು ಬಣ್ಣದ ಫ್ಲಿಕ್ಸ್‌ಬಸ್ಸು. ರಾತ್ರಿ ಏಕೆಂದರೆ ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ. ಬಸ್ಸು ನಸುಕಿನ ಐದಕ್ಕೆ ಪ್ರಾಗ್ ಊರಿನಲ್ಲಿ ಇಳಿಸುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಎದ್ದಿರುವುದು ಕಸ ಗುಡಿಸುವವರು ಮತ್ತು ಕರ್ನಾಟಕದ ನಾಲ್ಕು ಹುಡುಗರು. 1410ರಿಂದ ನಿಂತಿರುವ ಅಲ್ಲಿನ ಖಗೋಳ ಗಡಿಯಾರದಲ್ಲಿ ಹೊತ್ತು ಹೊತ್ತಿಗೆ ಕಿಟಕಿ ತೆರೆದು ಯೇಸುವಿನ ಶಿಷ್ಯರ ಗೊಂಬೆಗಳು ಸಾಲಾಗಿ ಹೋಗುತ್ತವೆ, ಪಕ್ಕದಲ್ಲಿ ಅಸ್ಥಿಪಂಜರವೊಂದು ಗಂಟೆ ಹೊಡೆಯುತ್ತದೆ. ಅದನ್ನು ಅವನು ವೀಡಿಯೊ ಮಾಡಿಕೊಂಡ. ನೋಡುವುದು ಇನ್ನೂ ಬಾಕಿ ಇದೆ.

ಜರ್ಮನಿಯೊಳಗೆ ಓಡಾಡಲು ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2025ಕ್ಕೆ 58 ಆಯಿತು. ವೇಗದ ರೈಲಿಗೆ ನಡೆಯದು, ಪ್ಯಾಸೆಂಜರಿಗೆ ಮಾತ್ರ. ಐದಾರು ಗಂಟೆಯಲ್ಲಿ ಮುಟ್ಟಬಹುದಾದ ಹ್ಯಾಂಬರ್ಗಿಗೆ ಅವನು ರೈಲಿನಿಂದ ರೈಲಿಗೆ ಹಾರುತ್ತ ಇಡೀ ಹಗಲು ಹೋಗುತ್ತಾನೆ. ಒಂದು ರೈಲು ತಡವಾದರೆ ಉಳಿದವೆಲ್ಲ ಕೈತಪ್ಪುತ್ತವೆ, ಜರ್ಮನಿಯಲ್ಲಿ ರೈಲು ತಡವಾಗುವುದು ನಾವು ತಿಳಿದಷ್ಟು ಅಪರೂಪವೂ ಅಲ್ಲ. ಅಗ್ಗದ ವಿಮಾನದ ಕಥೆ ಬೇರೆ. ಅಲ್ಲಿ ಸೀಟಿಗಿಂತ ಚೀಲಕ್ಕೇ ದುಡ್ಡು. ಹಾಗಾಗಿ ಅವನು ಮೂರು ಅಂಗಿ, ಎರಡು ಸ್ವೆಟರು ಮೈಮೇಲೆ ಹಾಕಿಕೊಂಡು, ಜೇಬಿನಲ್ಲಿ ಚಾರ್ಜರು ತುಂಬಿ, ಬೆವರುತ್ತ ಹತ್ತುತ್ತಾನೆ. ಪ್ಯಾರಿಸ್ ಎಂದು ಹೇಳಿ ವಿಮಾನ ಇಳಿಸುವುದು ಬೋವೆಯಲ್ಲಿ. ಅಲ್ಲಿಂದ ಪ್ಯಾರಿಸ್ಸಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ತುಮಕೂರಿನಲ್ಲಿ ಇಳಿಸಿ ಬೆಂಗಳೂರು ಬಂತು ಎಂದ ಹಾಗೆ. ಲೂವ್ರ್ ಮ್ಯೂಸಿಯಮ್ಮಿಗೆ ಮಾತ್ರ ಓಡಿಹೋಗುತ್ತಾನೆ: ಯುರೋಪಿನಲ್ಲಿ ವಾಸವಿರುವ, ಇಪ್ಪತ್ತಾರು ತುಂಬದವರಿಗೆ ಅಲ್ಲಿ ಪ್ರವೇಶ ಉಚಿತ. ಅವನ ಕಲಾಸಕ್ತಿಗೆ ಹುಟ್ಟುಹಬ್ಬದವರೆಗೆ ವಾಯಿದೆ.

ಅಂಕಿ ಏರಿಸಲು ಕೆಲವು ಒಳದಾರಿಗಳಿವೆ. ಗಡಿಯ ಊರು ಕೇಲ್‌ನಲ್ಲಿ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಸಿಟಿ ಬಸ್ಸಿನಷ್ಟು ಖರ್ಚಿನಲ್ಲಿ ಒಂದು ದೇಶ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಗಂಟೆಯ ದಾರಿ. ಮಧ್ಯಾಹ್ನದ ಊಟಕ್ಕೆ ಹೋಗಿ ಬಂದರೆ ಸ್ಲೊವಾಕಿಯಾ ಜಮೆ. ಲಿಚ್‌ಟೆನ್‌ಸ್ಟೈನ್ ಎಂಬ 160 ಚದರ ಕಿಲೋಮೀಟರಿನ ದೇಶದಲ್ಲಿ ದುಡ್ಡು ಕೊಟ್ಟರೆ ಪ್ರವಾಸಿ ಕಚೇರಿಯವರೇ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕೊಡುತ್ತಾರೆ. ಲೆಕ್ಕಕ್ಕೂ ನಿಯಮಗಳಿವೆ. ವಿಮಾನ ಬದಲಿಸಿದ್ದು ನಡೆಯದು. ಕಾಲು ನೆಲಕ್ಕೆ ತಾಗಬೇಕು, ಏನಾದರೂ ತಿಂದಿರಬೇಕು. ತಿಂದದ್ದು ಮನೆಯಿಂದ ಕಟ್ಟಿಕೊಂಡು ಹೋದ ಎಂಟಿಆರ್ ಪುಳಿಯೋಗರೆಯಾದರೆ ಸ್ಲೊವಾಕಿಯಾ ಎಣಿಕೆಗೆ ಬರುತ್ತದೆಯೋ ಎಂಬುದು ರೂಮ್‌ಮೇಟುಗಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ವ್ಯಾಟಿಕನ್ ಇಪ್ಪತ್ತೊಂಬತ್ತರ ಪಟ್ಟಿಯಲ್ಲೇ ಇಲ್ಲವೆಂದು ಗೊತ್ತಾದ ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ.

ಲಕ್ಸೆಂಬರ್ಗಿನಿಂದ ಅಮ್ಮನಿಗೆ ಫೋನು ಮಾಡಿದ.

‘ಅಮ್ಮ, ಈ ದೇಶದಲ್ಲಿ ಬಸ್ಸು, ಟ್ರೈನು, ಟ್ರಾಮು ಎಲ್ಲಾ ಫ್ರೀ! 2020ರಿಂದ ಟಿಕೆಟ್ಟೇ ಇಲ್ಲ!’

‘ನಮ್ಮಲ್ಲೂ ಉಂಟಲ್ಲ ಮಾರಾಯ, ಶಕ್ತಿ. ಮೊನ್ನೆ ನಾನೂ ನಿನ್ನ ಚಿಕ್ಕಮ್ಮನೂ ಆಧಾರ್ ಕಾರ್ಡ್ ತೋರ್ಸಿ ಧರ್ಮಸ್ಥಳಕ್ಕೆ ಹೋಗಿ ಬಂದ್ವಿ. ಅಲ್ಲಿ ಊಟನೂ ಫ್ರೀ. ನಿಂಗೆ ಅಲ್ಲಿ ಊಟ ಹಾಕ್ತಾರಾ?’

ಅವನ ಹತ್ತಿರ ಉತ್ತರವಿರಲಿಲ್ಲ.

ಬಾಸೆಲ್ಲಿಗೂ ಹೋಗಿದ್ದಾನೆ. ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್ ಮೂರೂ ಕೂಡುವ ಜಾಗವೆಂದು ಅಲ್ಲಿ ಒಂದು ಕಂಬ ನಿಲ್ಲಿಸಿದ್ದಾರೆ. ನಿಜವಾದ ಬಿಂದು ಇರುವುದು ನದಿಯ ನಡುವೆ. ಕಂಬಕ್ಕೆ ಪ್ರದಕ್ಷಿಣೆ ಹಾಕುತ್ತ ರೀಲ್ ಮಾಡಿದ, ಮೂರು ಬಾವುಟ ಹಾಕಿದ, ಸಂಜೆಯ ಬಸ್ಸು ಹಿಡಿದ. ಊರಿನ ಅಜ್ಜಿಮನೆಯ ಅಟ್ಟದಲ್ಲಿ ಉಳಿದಿರುವ ಹಳೆಯ ಹೆಂಚುಗಳ ಬೆನ್ನ ಮೇಲೆ ಇದೇ ಬಾಸೆಲ್ಲಿನ ಹೆಸರು ಅಚ್ಚಾಗಿದೆ. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನು ಈ ಬಾಸೆಲ್ಲಿನದು. ಮಳೆಗಾಲದಲ್ಲಿ ಆ ಹೆಂಚಿನ ಸೂರಿನ ಕೆಳಗೆ ಮಲಗಿಯೇ ಬೆಳೆದವನು ಅವನು. ಇನ್ನು, 1894ರಲ್ಲಿ ಕನ್ನಡಕ್ಕೆ ಆ ದಪ್ಪ ನಿಘಂಟನ್ನು ಕೊಟ್ಟ ಕಿಟೆಲ್ ಬಾಸೆಲ್ ಮಿಷನ್ನಿನಿಂದಲೇ ಬಂದವರು. 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್ನಿನಲ್ಲಿ. ಸ್ಟುಟ್‌ಗಾರ್ಟಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಸುಮಾರು ಒಂದು ಗಂಟೆ, ಆ ತಿಂಗಳ ಟಿಕೆಟ್ಟಿನಲ್ಲೇ ನಡೆಯುತ್ತದೆ. ಆದರೆ ಟ್ಯೂಬಿಂಗೆನ್ನಿಗೆ ಪ್ರತ್ಯೇಕ ಬಾವುಟವಿಲ್ಲ. ಹೋಗಿಲ್ಲ.

ಇಷ್ಟಾದರೂ ಅವನನ್ನು ಹಗುರವಾಗಿ ಕಾಣಬೇಡಿ. ಸ್ಟೇಟಸ್ಸಿಗೆ ಬಾರದ ಒಂದು ಜರ್ಮನಿ ಅವನಿಗೆ ಚೆನ್ನಾಗಿ ಗೊತ್ತು. ಈ ಪ್ರವಾಸಗಳ ದುಡ್ಡು ಬರುವುದು ಗೋದಾಮೊಂದರ ರಾತ್ರಿ ಪಾಳಿಯಿಂದ. ವಿದ್ಯಾರ್ಥಿ ವರ್ಷಕ್ಕೆ 140 ಪೂರ್ತಿ ದಿನ ದುಡಿಯಬಹುದು ಎಂದು ಕಾನೂನು. ಪಾರ್ಸೆಲ್ ಎತ್ತುತ್ತಲೇ ಅವನು ಜರ್ಮನ್ ಕಲಿತದ್ದು, ಅದೂ ಪಕ್ಕದ ಬೆಲ್ಟಿನ ಸಿರಿಯಾದ ಮುದುಕನಿಂದ. ಮನೆಯಲ್ಲಿ ‘ಯೂನಿವರ್ಸಿಟೀಲೇ ಸಣ್ಣ ಕೆಲಸ’ ಎಂದಿದ್ದಾನೆ.

ಅವನಿರುವ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ, ಗುಡಿಸುವ ವಾರ. ಒಂದೇ ಕಟ್ಟಡದ ಬಾಡಿಗೆದಾರರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುತ್ತದೆ. ಮೊದಲ ಸಲ ಅದನ್ನು ನೋಡಿ, ಯಾರೋ ಕೊರಿಯರಿನವರು ಬಿಟ್ಟುಹೋದ ಚೀಟಿಯೆಂದು ಇವನು ಎದುರಿನ ಬಾಗಿಲಿಗೆ ತೂಗುಹಾಕಿದ. ಕೆಳಮನೆಯ ಅಜ್ಜಿ ಹತ್ತಿಬಂದರು. ಬೈಯಲಿಲ್ಲ. ಪೊರಕೆ ಕೈಗಿಟ್ಟು, ಮೂಲೆಯಿಂದ ಹೇಗೆ ಎಳೆಯಬೇಕು, ನೀರು ಎಷ್ಟು ಹಿಂಡಬೇಕು ಎಂದು ಮೇಲಿನ ಮೆಟ್ಟಿಲಿನಿಂದ ಕೊನೆಯದರವರೆಗೆ ತೋರಿಸಿಕೊಟ್ಟರು. ಮುಗಿದ ಮೇಲೆ ಬೆರಳಿನಿಂದ ಕಟಕಟೆ ಸವರಿ ನೋಡಿದರು. ಈಗ ಭಾನುವಾರ ಗಾಜಿನ ಬಾಟಲಿ ತೊಟ್ಟಿಗೆ ಹಾಕಿ ಸದ್ದು ಮಾಡಬಾರದು ಎಂದು ಹೊಸದಾಗಿ ಬಂದ ಹುಡುಗರಿಗೆ ಇವನೇ ಹೇಳುತ್ತಾನೆ. ಪಾರ್ಟಿ ಮುಗಿದ ಮೇಲೆ ಪ್ಲಾಸ್ಟಿಕ್ ಬಾಟಲಿ ಆರಿಸಿ, ಒಂದಕ್ಕೆ 25 ಸೆಂಟ್ ವಾಪಸು ಕೊಡುವ ಯಂತ್ರಕ್ಕೆ ಹಾಕಿ ಬರುತ್ತಾನೆ. ಊರಿನಲ್ಲಿ ತಾನು ಕುಡಿದ ಲೋಟ ಎತ್ತಿಟ್ಟವನಲ್ಲ. ಮೆಟ್ಟಿಲು ಒರೆಸುವ ಸುದ್ದಿ ತಿಳಿದರೆ ಅಮ್ಮ ಏನು ಹೇಳುತ್ತಾರೆಂದು ಅವನಿಗೆ ಗೊತ್ತು: ‘ಇಷ್ಟು ಸಾಲ ಮಾಡಿ ಕಳ್ಸಿದ್ದು ಕಸ ಹೊಡಿಯಕ್ಕನಾ?’ ಆದ್ದರಿಂದ ಆ ಭಾಗದ ಫೋಟೊ ಇಲ್ಲ.

ಡಿಸೆಂಬರಿನಲ್ಲಿ ಅವನು ಊರಿಗೆ ಬರುತ್ತಾನೆ, ಚಾಕೊಲೇಟು ಹಿಡಿದು ನಿಮ್ಮ ಮನೆಗೂ ಬರುತ್ತಾನೆ. ‘ಅಂಕಲ್, ಟಿವಿಗೆ ಕನೆಕ್ಟ್ ಮಾಡ್ಲಾ?’ ಎನ್ನುತ್ತಾನೆ. ಬಿಡಬೇಡಿ, ಹದಿನಾಲ್ಕು ದೇಶವೆಂದರೆ ರಾತ್ರಿ ಹನ್ನೊಂದಾದೀತು. ರಿಮೋಟು ಕಾಣುತ್ತಿಲ್ಲ ಎಂದು ಹೇಳಿ, ಕಾಫಿ ಕೊಟ್ಟು, ಕೆಳಮನೆಯ ಅಜ್ಜಿ ಹೇಗಿದ್ದಾರೆ ಎಂದು ಕೇಳಿ.