ಜಾಝ್‌ಗೆ ನೆಲಮಾಳಿಗೆಯೇ ವಾಸಿ

ನ್ಯೂಯಾರ್ಕಿನಲ್ಲಿ ಒಳ್ಳೆಯ ಜಾಝ್ ಎಲ್ಲಿ ಕೇಳಬೇಕೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಎಲ್ಲಿ ಕಾಲು ಚಾಚಲು ಜಾಗವಿಲ್ಲವೋ ಅಲ್ಲಿ. ಮಂಡಿಗೂ ನಾದಕ್ಕೂ ಎಲ್ಲಿಯ ನಂಟು ಎಂದು ಹುಬ್ಬೇರಿಸುವವರಿದ್ದಾರೆ. ಇದೆ ಎನ್ನುವುದಕ್ಕೆ ಸೆವೆಂತ್ ಅವೆನ್ಯೂ ಸೌತ್‌ನ ವಿಲೇಜ್ ವ್ಯಾನ್‌ಗಾರ್ಡನ್ನೇ ಸಾಕ್ಷಿಗೆ ಕರೆಯುತ್ತೇನೆ. ಮ್ಯಾಕ್ಸ್ ಗಾರ್ಡನ್ ಎಂಬಾತ 1935ರಲ್ಲಿ ಹಿಡಿದ ನೆಲಮಾಳಿಗೆ ಅದು. ಆಕಾರ ತ್ರಿಕೋನ, ನಮ್ಮ ವಾಸ್ತು ಪಂಡಿತರಾದರೆ ಮೆಟ್ಟಿಲಿಂದಲೇ ಹಿಂದಿರುಗಿಯಾರು. ಹಿಡಿಸುವುದು 123 ಜನ. ಅಡುಗೆಮನೆಯೊಂದಿದೆ, ಅಡುಗೆಯಿಲ್ಲ, ವಾದಕರು ವಾದನದ ಎರಡು ಸುತ್ತುಗಳ ನಡುವೆ ಹೋಗಿ ಕೂರುವುದೇ ಅಲ್ಲಿ. ಇಷ್ಟು ಅನನುಕೂಲಗಳನ್ನು ಒಟ್ಟುಗೂಡಿಸಿಕೊಂಡೂ ಆ ಕೋಣೆ ಜಾಝ್ ಲೋಕದ ಅತಿ ಗೌರವದ ವೇದಿಕೆಯಾಗಿ ಉಳಿದಿದೆಯೆಂದರೆ, ಅನನುಕೂಲದಲ್ಲೇ ಏನೋ ಗುಟ್ಟಿರಬೇಕಲ್ಲ? ಗುಟ್ಟೇನೂ ದೊಡ್ಡದಲ್ಲ. ಜಾಝ್ ಎಂದರೆ ಬರೆದಿಟ್ಟದ್ದನ್ನು ಒಪ್ಪಿಸುವುದಷ್ಟೇ ಅಲ್ಲ. ಎತ್ತಿಕೊಂಡ ಹಾಡನ್ನು ಒಬ್ಬ ಬೆಳೆಸುತ್ತಾನೆ, ಡ್ರಮ್ಮಿನವನು ನಡುವೆ ಬಾಯಿ ಹಾಕುತ್ತಾನೆ, ಬಾಸ್ ನುಡಿಸುವವನು ಇಬ್ಬರನ್ನೂ ದಾರಿಗೆ ತರುತ್ತಾನೆ. ಈ ಮಾತುಕತೆ ತಿಳಿಯಬೇಕಾದರೆ ಮುಖ ಕಾಣಬೇಕು, ಕಣ್ಸನ್ನೆ ಕಾಣಬೇಕು. ಸಾವಿರ ಆಸನಗಳ ಸಭಾಂಗಣದ ಕೊನೆಯ ಸಾಲಿಗೆ ತಲುಪುವುದು ತೀರ್ಪು ಮಾತ್ರ, ವಾದವಲ್ಲ.

ಎರಡನೆಯ ಸಾಕ್ಷಿ ಹಾರ್ಲೆಮಿನ ಮಿಂಟನ್ಸ್ ಪ್ಲೇಹೌಸ್. 1938ರಲ್ಲಿ 118ನೇ ಬೀದಿಯ ಹೋಟೆಲೊಂದರಲ್ಲಿ ಆರಂಭವಾದ ಈ ಜಾಗದಲ್ಲಿ ಪಿಯಾನೋದ ಮುಂದೆ ಥೆಲೋನಿಯಸ್ ಮಂಕ್, ಡ್ರಮ್ಮಿನ ಹಿಂದೆ ಕೆನ್ನಿ ಕ್ಲಾರ್ಕ್. ದೊಡ್ಡ ದೊಡ್ಡ ಬ್ಯಾಂಡುಗಳಲ್ಲಿ ಸಂಬಳಕ್ಕೆ ನುಡಿಸಿದವರು ಕೆಲಸ ಮುಗಿಸಿ ಮಧ್ಯರಾತ್ರಿ ಇಲ್ಲಿಗೆ ಬಂದು ತಮಗಾಗಿ ನುಡಿಸಿಕೊಳ್ಳುತ್ತಿದ್ದರು. ಮದುವೆ ಮನೆಯಲ್ಲಿ ಬಡಿಸಿದವರೇ ಕೂತು ಉಣ್ಣುವ ಕೊನೆಯ ಪಂಕ್ತಿಯ ಹಾಗೆ; ಅಸಲು ಹರಟೆ, ಅಸಲು ಹೋಳಿಗೆ ಎರಡೂ ಹೊರಬರುವುದು ಆಗಲೇ. ಅರ್ಹತೆಯಿಲ್ಲದವರು ವೇದಿಕೆ ಹತ್ತಿ ತಲೆ ತಿನ್ನದಿರಲೆಂದು ಮಂಕ್ ಬಳಗ ಬೇಕೆಂದೇ ಕಷ್ಟದ ಸ್ವರಸಂಗತಿಗಳನ್ನು ಹೂಡುತ್ತಿತ್ತೆಂಬ ಕತೆಯಿದೆ. ಕತೆ ನಿಜವೋ ಅಲ್ಲವೋ, ಬಿಬಾಪ್ ಎಂಬ ಹೊಸ ಶೈಲಿ ಮೈತುಂಬಿಕೊಂಡದ್ದು ಇಂಥ ಅವೇಳೆಯಲ್ಲಿ ಎನ್ನುವುದಂತೂ ನಿಜ. ಆದ್ದರಿಂದ ಸ್ಥಳದಷ್ಟೇ ಹೊತ್ತೂ ಮುಖ್ಯ: ಶನಿವಾರದ ಮೊದಲ ಸುತ್ತಿಗಿಂತ ವಾರದ ನಡುವಿನ ಎರಡನೆಯ ಸುತ್ತು ಮೇಲು.

ಇಲ್ಲಿ ದೊಡ್ಡ ಸಭಾಂಗಣದ ಪಕ್ಷದವರು ಎದ್ದು ನಿಲ್ಲುತ್ತಾರೆ. ಅವರ ಕೈಯಲ್ಲಿರುವ ದಾಖಲೆ ಗಟ್ಟಿಯಾಗಿಯೇ ಇದೆ. 1957ರ ನವೆಂಬರ್‌ನಲ್ಲಿ ಮಂಕ್ ಮತ್ತು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಧ್ವನಿಮುದ್ರಣ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮರೆತುಹೋಗಿ, 2005ರಲ್ಲಿ ಸಿಕ್ಕಿತು. ಜಾಝ್‌ನ ಉತ್ತಮೋತ್ತಮ ಮುದ್ರಣಗಳ ಸಾಲಿಗೆ ಸೇರಿತು. ಅಷ್ಟು ದೊಡ್ಡ ಹಾಲ್, ಅಷ್ಟು ಚೆನ್ನಾದ ಸಂಗೀತ. ಒಪ್ಪಿದೆ. ಆದರೆ ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಆ ಇಬ್ಬರೂ ಎಲ್ಲಿದ್ದರು? ಬೋವರಿ ಬಡಾವಣೆಯ ಫೈವ್ ಸ್ಪಾಟ್ ಎಂಬ ಪುಟ್ಟ ಬಾರಿನಲ್ಲಿ, ರಾತ್ರಿಯ ಮೇಲೆ ರಾತ್ರಿ ನುಡಿಸುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ. ಕಾರ್ನೆಗಿಯ ಜನ ಹಣ್ಣು ತಿಂದರು. ಅದು ಮಾಗುವುದನ್ನು ಕಂಡವರು ಬಾರಿನವರು. ಈಗಿನ ಲಿಂಕನ್ ಸೆಂಟರ್‌ನ ಜಾಝ್ ಸಂಸ್ಥೆಯ ಬಗ್ಗೆಯೂ ನನಗೆ ಮುನಿಸಿಲ್ಲ. ಅದರ ಡಿಜ್ಜೀಸ್ ಕ್ಲಬ್ ಹಾಲ್ ಅಲ್ಲ, ಕ್ಲಬ್ಬೇ. ವಾದಕರ ಬೆನ್ನ ಹಿಂದೆ ಗಾಜಿನ ಗೋಡೆ, ಅದರಾಚೆ ಸೆಂಟ್ರಲ್ ಪಾರ್ಕ್. ಪಾಪ, ಟ್ರಂಪೆಟ್ ಊದುವವನು ದೀಪ ಹೊತ್ತ ಇಡೀ ಮ್ಯಾನ್‌ಹ್ಯಾಟನ್ ಜತೆ ಪೈಪೋಟಿ ಮಾಡಬೇಕು. ನೆಲಮಾಳಿಗೆಯಲ್ಲಿ ಆ ಕಾಟವಿಲ್ಲ; ನೋಡಲು ಬೇರೇನೂ ಇರುವುದಿಲ್ಲ.

ಇನ್ನು ಕೆಲವರದು ಮಿತವ್ಯಯದ ಆಕ್ಷೇಪ: ಧ್ವನಿಮುದ್ರಿಕೆ ಮನೆಯಲ್ಲೇ ಇರುವಾಗ ಟಿಕೆಟ್ಟಿನ ಮೇಲೆ ಕಡ್ಡಾಯದ ಒಂದು ಪಾನೀಯಕ್ಕೂ ದುಡ್ಡು ತೆರುವುದೇಕೆ? ಅವರು ಮನೆಯಲ್ಲಿ ಪೂಜಿಸುವ ಮುದ್ರಿಕೆಗಳನ್ನೇ ನೋಡೋಣ. ಬಿಲ್ ಇವಾನ್ಸ್ ತ್ರಯರ ಹೆಸರಾಂತ ಮುದ್ರಣ 1961ರ ಜೂನ್ 25ರ ಭಾನುವಾರ ವ್ಯಾನ್‌ಗಾರ್ಡಿನಲ್ಲೇ ಆದದ್ದು. ಪಿಯಾನೋದ ಹಿಂದೆ ಗ್ಲಾಸುಗಳ ಟಣಟಣ, ಯಾರದೋ ನಗು ಈಗಲೂ ಕೇಳುತ್ತದೆ. ಬಾಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದು ದಿನಗಳ ನಂತರ ಕಾರು ಅಪಘಾತದಲ್ಲಿ ತೀರಿಕೊಂಡ, 25 ವರ್ಷದವನು. ಅಂದು ಹರಟೆ ಹೊಡೆದವರಿಗೆ ತಾವು ಏನನ್ನು ಕೇಳುತ್ತಿದ್ದೇವೆಂಬ ಅರಿವಿರಲಿಲ್ಲ. ಆದರೂ ಅವರು ಅಲ್ಲಿದ್ದರು, ನಾವಿರಲಿಲ್ಲ. ಅಷ್ಟಕ್ಕೆ ಒಂದು ಲೋಟ ಸೋಡಾದ ಬೆಲೆ ಹೆಚ್ಚೇನಲ್ಲ.

ನಿಜವಾಗಿ ನನ್ನ ವಾದವನ್ನು ಅಲುಗಿಸುವ ಆಕ್ಷೇಪ ಬೇರೆಯೇ ಇದೆ. ನೆಲಮಾಳಿಗೆಯನ್ನು ಹೊಗಳುವವರು ಅಲ್ಲಿ ದುಡಿದವರ ಪಾಡನ್ನು ಮರೆಯುತ್ತಾರೆ ಎನ್ನುವುದು. ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸಲು 1940ರಿಂದ 1967ರವರೆಗೆ ಪೊಲೀಸರು ಕೊಡುವ ಕಾರ್ಡ್ ಬೇಕಿತ್ತು. ಗಾಯಕಿ ಬಿಲ್ಲಿ ಹಾಲಿಡೇ ಅದನ್ನು ಕಳೆದುಕೊಂಡಳು. ಮಂಕ್‌ಗೂ 1951ರಿಂದ ಆರು ವರ್ಷ ಕಾರ್ಡಿಲ್ಲ. ಮರಳಿ ಸಿಕ್ಕಿದ ಮೇಲೇ ಆತ ಫೈವ್ ಸ್ಪಾಟ್‌ಗೆ ಬಂದದ್ದು. ತಮಾಷೆಯೆಂದರೆ, ಕಾರ್ನೆಗಿಯಂಥ ಸಭಾಂಗಣಗಳಿಗೆ ಕಾರ್ಡಿನ ಗೊಡವೆ ಇರಲಿಲ್ಲ. ಹಾಲಿಡೇ ಅಲ್ಲಿ ಹಾಡಬಹುದಿತ್ತು, ಬೀದಿ ಮೂಲೆಯ ಬಾರಿನಲ್ಲಿ ಹಾಡುವಂತಿರಲಿಲ್ಲ. ಪೊಲೀಸರ ಕಣ್ಣು ಯಾವ ಕಡೆ ನೆಟ್ಟಿತ್ತೆಂದು ನೋಡಿದರೂ ಸಾಕು, ಸಂಗೀತದ ಜೀವ ಎಲ್ಲಿತ್ತೆಂದು ತಿಳಿಯುತ್ತದೆ.

ಜಾಝ್ ನಮಗೆ ಅರ್ಥವಾಗದು ಎಂದು ನುಣುಚಿಕೊಳ್ಳುವ ಕನ್ನಡಿಗರಿಗೆ ಒಂದು ಮಾತು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ತಲೆದೂಗಿದವರಿಗೆ ಈ ನೆವ ಒಪ್ಪುವುದಿಲ್ಲ. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಗೋಪಾಲನಾಥರೊಡನೆ ಸೇರಿ ನುಡಿಸಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ಮನ್ನೇ ಹೊರತಂದಿದ್ದಾರೆ. ಕಲ್ಪನಾಸ್ವರ, ತನಿಯಾವರ್ತನ ಬಲ್ಲ ಕಿವಿಗೆ ಇದು ಪರಕೀಯವಲ್ಲ. ತೊಂದರೆ ತೊಡೆಯದು ಮಾತ್ರ: ನಮ್ಮ ಕೈ ಒಂದು, ಮೂರಕ್ಕೆ ಬೀಳುತ್ತದೆ, ಅಲ್ಲಿಯ ಒತ್ತು ಎರಡು, ನಾಲ್ಕಕ್ಕೆ. ಇಕ್ಕಟ್ಟಿನ ಕೋಣೆಯಲ್ಲಿ ಈ ತಪ್ಪು ಪಕ್ಕದವರಿಗೆ ಬೇಗ ಗೊತ್ತಾಗುತ್ತದೆ. ಕೈ ಕಟ್ಟಿ ಕೂರುವುದು ಕ್ಷೇಮ. ನ್ಯೂಯಾರ್ಕಿಗೆ ಹೋದರೆ ಒಂದು ಸೋಮವಾರ ಉಳಿಸಿಕೊಳ್ಳಿ. ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ 1965ರಲ್ಲಿ ಕಟ್ಟಿದ ದೊಡ್ಡ ಬ್ಯಾಂಡ್ ವ್ಯಾನ್‌ಗಾರ್ಡಿನ ಆ ತ್ರಿಕೋನದಲ್ಲಿ ತೂರಿಕೊಂಡು ನುಡಿಸುವ ರಾತ್ರಿ ಅದು. ಟಿಕೆಟ್ ಮೊದಲೇ ಕಾದಿರಿಸಿ, ಎರಡನೆಯ ಸುತ್ತಿಗೆ ಹೋಗಿ, ಮೊಬೈಲ್ ಜೇಬಿನಲ್ಲೇ ಇರಲಿ. ಅಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ.